ಎರಿ, ಮಸಾರಿ, ಜಾಲಿಮುಳ್ಳು: ಮೂರಕ್ಕೂ ತಡಿಯೋ ಟೈರ್ ಯಾವುದು?

ಕುರಿಗಾಡಿ, ಕುಷ್ಟಗಿ:

ಎಲ್ಲಾರಿಗೂ ನಮಸ್ಕಾರ್ರಿ. ಟೈರ್ ಬಗ್ಗೆ ತಿಳಿದವರು ಸ್ವಲ್ಪ ದಾರಿ ತೋರಸ್ರಿ.

ನಮ್ಮದು ಕುರಿ ಮನೆತನ. ಅಪ್ಪ, ಕಾಕಾ, ಇಬ್ಬರು ಅಣ್ಣಂದಿರು ವರ್ಷದಾಗ ಎಂಟು ತಿಂಗಳು ಕುರಿ ಹಿಂದ ಅಡವ್ಯಾಗ ಇರ್ತಾರ. ಗಾಡಿ ನನ್ನ ಪಾಲಿಂದು. ಹಟ್ಟಿಗೆ ನೀರು, ಹಿಟ್ಟು, ಔಷಧ ಮುಟ್ಟಸೋದು, ನಡಿಲಾರದ ಮರಿ, ಈದ ಕುರಿ ಹೇರಿಕೊಂಡು ಮುಂದಿನ ಜಾಗಕ್ಕ ಇಳಸೋದು, ಲಸಿಕಿ ದಿನ ಡಾಕ್ಟರನ್ನ ಕರ್ಕೊಂಡು ಹೋಗೋದು, ಇಷ್ಟೂ ನಾನ ಮಾಡ್ತೀನಿ. ಗಾಡಿ ಹಳೇ ಬೊಲೆರೊ ಕ್ಯಾಂಪರ್, ಫೋರ್ ವೀಲ್. ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಟೈರ್ ಸೈಜ್ 235/75 ಆರ್ 15. ಹಿಂದ 500 ಲೀಟರ್ ನೀರಿನ ಟ್ಯಾಂಕ್ ಕಾಯಂ ಇರ್ತೈತಿ.

ನಾ ಓಡಾಡೋ ಜಾಗ ಹೇಳಿದ್ರ ನಿಮಗ ಲೆಕ್ಕ ಸಿಗಬಹುದು. ಮಳಿಗಾಲದಾಗ ಕುರಿ ನಮ್ಮೂರ ಸುತ್ತ ಮಸಾರಿ (ಕೆಂಪು ಮಣ್ಣಿನ) ಗುಡ್ಡದಾಗ ಮೇಯ್ತಾವು. ಹಿಂಗಾರಿ ಹೊತ್ತಿಗೆ ಯಲಬುರ್ಗಾ, ಕುಕನೂರು ಕಡೆ ಎರಿ (ಕಪ್ಪು ಮಣ್ಣಿನ) ಹೊಲದಾಗ ತರುಬತೀವಿ. ಬ್ಯಾಸಿಗ್ಯಾಗ ಭತ್ತ ಕೊಯ್ದ ಮ್ಯಾಲ ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡಿ ಕಾಲುವಿ ಬಯಲಿಗೆ ಇಳಿತಾವು. ಒಂದ ಗಾಡಿ ವರ್ಷದಾಗ ಕಲ್ಲು, ಮುಳ್ಳು, ಎರಿ, ಗದ್ದಿ ಕೆಸರು ಎಲ್ಲಾ ತುಳಿತೈತಿ.

ಹೋದ ಸೀಗಿ ಹುಣ್ಣಿವಿ ಆಗಿ ನಾಲ್ಕು ದಿನಕ್ಕ ಪಿಪಿಆರ್ (ಕುರಿಗೆ ಬರೋ ಅಂಟುರೋಗ) ಲಸಿಕಿ ಹಾಕಸೋದಿತ್ತು. ಹಿಂದಿನ ರಾತ್ರಿ ಮಳಿ ಬಂದಿತ್ತು. ಮುಂಜಾನೆ ಬಿಸಿಲು ಬಿದ್ದು ಹೊಲದ ಮ್ಯಾಲೆ ಒಣಗಿದಂಗ ಕಂಡಿತು. ಗಾಡಿ ಇಳಿಸಿದೆ. ಮುನ್ನೂರು ಮೀಟರ್ ಹೋಗಿರಬೇಕು, ಸ್ಟೇರಿಂಗ್ ಬಿಗಿ ಆತು. ಇಳಿದು ನೋಡಿದ್ರ ಟೈರ್ ಕಾಣವಲ್ದು. ಮಡ್‌ಗಾರ್ಡಿನ ಒಳಗ ಎರಿ ತುಂಬಿ, ಟೈರ್ ಅದರಾಗ ಮೆತ್ತಿಕೊಂಡು ಕುಂತಿತ್ತು. ಎಂಜಿನ್ ಎಳಿತೈತಿ, ಚಕ್ರ ತಿರಗವಲ್ದು. ಕುರುಪಿಲೆ ಕೆರದು ತಗದೆ, ಹತ್ತು ಮಾರು ಹೋಗೋದ್ರಾಗ ಮತ್ತ ತುಂಬ್ತು. ಕೊನಿಗೆ ಡಾಕ್ಟರ್ ಒಂದು ಕಡೆ, ನಾ ಒಂದು ಕಡೆ ಐಸ್ ಪೆಟ್ಟಿಗಿ ಹಿಡಕೊಂಡು ನಡಕೊಂತ ಹೊಂಟಿವಿ. ಚಪ್ಪಲಿಗೆ ಎರಿ ಹತ್ತಿ ಒಂದೊಂದು ಕಾಲು ಎರಡು ಕೇಜಿ ಆಗಿತ್ತು. ಹಟ್ಟಿ ಮುಟ್ಟೋ ಹೊತ್ತಿಗೆ ಐಸ್ ನೀರಾಗಿ ಬಾಟ್ಲಿ ಬೆಚ್ಚಗಾಗಿದ್ವು. ಡಾಕ್ಟರ್ ಮುಟ್ಟಿ ನೋಡಿ, "ಇದನ್ನ ಹಾಕಿದ್ರ ಹಾಕಿದಂಗ ಅಷ್ಟ, ಕುರಿಗೆ ಹತ್ತಂಗಿಲ್ಲ" ಅಂದ್ರು. ನೂರು ಡೋಸಿನ ನಾಲ್ಕು ಬಾಟ್ಲಿ ಹಾಳು. ಮತ್ತೊಂದು ಸಲ ಲಸಿಕಿ ಬರಾಕ ಹನ್ನೆರಡು ದಿನ ಹಿಡಿತು. ಅಷ್ಟೂ ದಿನ ಅಪ್ಪ ಬ್ಯಾರೆ ಹಟ್ಟಿ ಕುರಿ ಹತ್ತರ ಸುಳಿಗೊಡದಂಗ ಬಡಿಗಿ ಹಿಡಕೊಂಡು ಕಾದಾನ. ನನಗ ಒಂದು ಮಾತು ಅನ್ನಲಿಲ್ಲ. ಅಂದಿದ್ರ ಚಲೋ ಇತ್ತು.

ಈಗ ಟೈರ್ ಬದಲಸಬೇಕು. ಹಾಕಿರೋದು ರೋಡಿನ ಹೆಚ್‌ಟಿ ಟೈರ್. 2023ರಾಗ ಒಂದು ಅಂಗಡ್ಯಾಗ ಹೊಸಾವು ಅಂತ ಕೊಟ್ರು. ಒಂದ ವರ್ಷಕ್ಕ ಬಗಲಿನ್ಯಾಗ ಕೂದಲೆಳಿ ಅಷ್ಟು ಸೀಳು ಬಂದ್ವು. ಮ್ಯಾಲ ಜಾಲಿಮುಳ್ಳಿನ ಪಂಚರ್ ತಿಂಗಳಿಗೆ ಎರಡು ಮೂರು.

ಕೇಳೋದು ಇಷ್ಟ: ರೋಡು, ಹೊಲ ಎರಡಕ್ಕೂ ಆಗೋ ಎಟಿ ಹಾಕಸ್ಲೋ, ಕೆಸರಿಗಂತ ಮಾಡಿದ ದಪ್ಪ ಹಲ್ಲಿನ (ಬಟನ್) ಎಮ್‌ಟಿ ಹಾಕಸ್ಲೋ? ನಮ್ಮ ಮಾವ, "215ರ ಸಣ್ಣ ಟೈರ್ ಹಾಕು, ಕೆಸರು ಸೀಳಿಕೊಂಡು ಹೊಕ್ಕೈತಿ" ಅಂತಾನ. ಅದು ಖರೇನ? ನಾಲ್ಕಕ್ಕ 36 ಸಾವಿರದ ಮ್ಯಾಲ ನನ್ನ ಕೈಲೆ ಆಗಂಗಿಲ್ಲ.

ಲಿಂಗಸೂಗೂರು ಹುಡುಗ:

ಅಣ್ಣಾ, ಎಮ್‌ಟಿ ಹಾಕ್ಸಿಬಿಡು, ಯೋಚನೆ ಮಾಡಬ್ಯಾಡ. ನಮ್ಮ ದೋಸ್ತರ ಜೀಪಿಗೆ ಅದೇ ಅದ. ರಾತ್ರಿ ಸರ್ಚ್‌ಲೈಟ್ ಹಾಕ್ಕೊಂಡು ಮೊಲದ ಬೇಟಿಗೆ ಹೋಗ್ತಾರ, ಹೊಲ ಹಳ್ಳ ಏನೂ ನೋಡಂಗಿಲ್ಲ, ನುಗ್ಗತದ. ನೋಡಾಕೂ ಖಡಕ್ ಇರ್ತದ.

ಗಂಗಾವತಿ ಮೇಷ್ಟ್ರು:

ಟೈರಿನ ಮಾತಿಗೆ ಮೊದಲು ಬೇಟೆಯ ಮಾತು, ಏಕೆಂದರೆ ಇದನ್ನು ಓದಿಕೊಂಡು ಬಿಡಲು ನನ್ನಿಂದಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲ ಹೊಡೆಯುವುದೂ ಅಪರಾಧ, ಚಿಗರಿ ಹೊಡೆಯುವುದೂ ಅಪರಾಧ. ಸಿಕ್ಕಿಬಿದ್ದರೆ ಬಂದೂಕಿನ ಜೊತೆ ಜೀಪನ್ನೂ ಜಪ್ತಿ ಮಾಡುತ್ತಾರೆ. ನಿನ್ನ ಗೆಳೆಯರಿಗೆ ಇದನ್ನು ಇವತ್ತೇ ಹೇಳು ತಮ್ಮ.

ನಾನು ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದು ಇದೇ ಬಯಲು ಸುತ್ತುತ್ತಿದ್ದೇನೆ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಿದೆ. ಸಂಡೂರು ಕಡೆ ದರೋಜಿಯಲ್ಲಿ ಕರಡಿ ಧಾಮ 1994ರಿಂದ ಇದೆ. ಸಿರುಗುಪ್ಪದ ಎರೆ ಬಯಲಿನಲ್ಲಿ ಇನ್ನೂ ಬೆರಳೆಣಿಕೆಯ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳಿವೆ. ಇವೆಲ್ಲ ದಟ್ಟ ಕಾಡಿನ ಪ್ರಾಣಿಗಳಲ್ಲ, ಕುರುಚಲು ಮತ್ತು ಹುಲ್ಲುಗಾವಲಿನವು. ಜೀಪಿನವರು "ಖಾಲಿ ಜಾಗ" ಎಂದು ನುಗ್ಗುವುದು ಇವುಗಳ ಮನೆಯೊಳಗೆ. ಒಮ್ಮೆ ಮಸಾರಿಯ ಗರಸಿನಲ್ಲಿ ಟಿಟ್ಟಿಭದ ಗೂಡು ನೋಡುತ್ತಾ ಕುಳಿತಿದ್ದೆ. ಗೂಡು ಎಂದರೆ ನಾಲ್ಕು ಕಲ್ಲಿನ ನಡುವೆ ನಾಲ್ಕು ಮೊಟ್ಟೆ, ಅಷ್ಟೇ. ಮರುದಿನ ಹೋದರೆ ಅದರ ಮೇಲೆ ಬಟನ್ ಟೈರಿನ ಅಚ್ಚು ಸ್ಪಷ್ಟವಾಗಿ ಬಿದ್ದಿತ್ತು. ಅಂಥ ಟೈರ್ ಹಾಕಿದವರಿಗೆ ದಾರಿ ಬಿಟ್ಟು ಇಳಿಯುವ ಧೈರ್ಯ ಬರುತ್ತದೆ. ನನಗೆ ಅದರ ಮೇಲೆ ಇರುವ ಸಿಟ್ಟು ಇದೇ.

ಕುರಿಗಾಡಿಯವರೇ, ನಿಮ್ಮ ಕೆಲಸ ಬೇರೆ. ನೀವು ಹೋಗಲೇಬೇಕು. ಆದರೂ ಹಳೇ ಚಕ್ಕಡಿ ದಾರಿ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಟೈರಿನ ವಿಷಯ ಬಳ್ಳಾರಿಯ ಮೇಸ್ತ್ರಿಗಳು ಹೇಳಲಿ.

ಟೈರ್ ಮೇಸ್ತ್ರಿ, ಬಳ್ಳಾರಿ:

ಕುಷ್ಟಗಿ ತಮ್ಮಾ, ನಿನ್ನ ಬರಹ ಎರಡು ಸಲ ಓದ್ದೆ. ನಾನು ಟೈರ್ ಕೆಲಸಕ್ಕೆ ಕೈ ಹಾಕಿ ಮೂವತ್ತು ವರ್ಷ ಆಯ್ತು. ಸಂಡೂರು ಗಣಿ ಜೋರಾಗಿದ್ದ ಕಾಲಕ್ಕೆ ಹಗಲು ರಾತ್ರಿ ಟಿಪ್ಪರ್ ಟೈರ್ ಬಿಚ್ಚಿ ಹಾಕಿದೀನಿ. 2011ರ ಜುಲೈನಾಗೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿದ ಮೇಲೆ ಆ ಕೆಲಸ ಹೋಯ್ತು, ಈಗ ಅಂಗಡಿಗೆ ಬರೋದು ಪಿಕಪ್ಪು, ಟ್ರ್ಯಾಕ್ಟರು. ಅದಿರು ಕಲ್ಲು ಟೈರಿನ ಬಗಲನ್ನ ಹೆಂಗೆ ಕೊಯ್ತೈತೆ ಅಂತ ಕಣ್ಣಾರೆ ನೋಡಿ ಕಲ್ತಿದ್ದು ನಾನು, ಪುಸ್ತಕ ಓದಿ ಅಲ್ಲ.

ಮೊದಲು ಒಂದು ಮಾತು ತಲೆನಾಗಿಂದ ತೆಗೆದುಹಾಕು. ಹಸಿ ಎರೆನಾಗೆ ಓಡೋ ಟೈರು ಇನ್ನಾ ಯಾರೂ ಮಾಡಿಲ್ಲ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ತೈತೆ, ಬೇಸಿಗೆನಾಗೆ ಒಣಗಿ ಕೈ ಹೋಗುವಷ್ಟು ಬಿರೀತೈತೆ. ಉಬ್ಬಿದಾಗ ಅದು ಅಂಟು. ಎಮ್‌ಟಿ ಟೈರಿನ ಹಲ್ಲಿನ ಸಂದು ಅಗಲ ಇಟ್ಟಿರೋದು ಯಾಕೆ ಅಂದ್ರೆ, ಚಕ್ರ ಜೋರು ತಿರುಗಿದಾಗ ಕೆಸರು ಸಿಡಿದು ಹೋಗ್ಲಿ ಅಂತ. ಬೇರೆ ಕೆಸರು ಸಿಡಿತೈತೆ. ಎರೆ ಸಿಡಿಯಲ್ಲ. ನಾಲ್ಕು ಸುತ್ತಿಗೆ ಸಂದೆಲ್ಲ ತುಂಬಿ ಬಟನ್ ಟೈರು ರೊಟ್ಟಿ ಹಂಚಿನಂಗೆ ನುಣ್ಣಗಾಗ್ತೈತೆ. ಇನ್ನೊಂದು ನೀನೇ ಬರ್ದಿದೀಯ, ಮಡ್‌ಗಾರ್ಡ್ ತುಂಬಿ ಚಕ್ರ ನಿಂತಿತು ಅಂತ. ಎತ್ತರದ ಹಲ್ಲು, ದಪ್ಪ ಟೈರ್ ಹಾಕಿದ್ರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಇರೋ ಜಾಗ ಇನ್ನಾ ಕಮ್ಮಿ ಆಗ್ತೈತೆ. ಮುನ್ನೂರು ಮೀಟರಿಗೆ ನಿಂತಿದ್ದು ಇನ್ನೂರಕ್ಕೆ ನಿಲ್ತೈತೆ.

ನಿಮ್ಮ ಮಾವ ಹೇಳಿದ್ದು ಅರ್ಧ ನಿಜ. ಸಣ್ಣ ಟೈರು ಕೆಸರು ಸೀಳ್ಕೊಂಡು ಕೆಳಗಿನ ಗಟ್ಟಿ ನೆಲ ಹಿಡಿತೈತೆ, ಚಕ್ಕಡಿ ಗಾಲಿ ಹಂಗೆ. ಮಸಾರಿ ಕೆಳಗೆ ಗರಸು ಇರ್ತೈತೆ, ಅಲ್ಲಿ ಈ ಮಾತು ನಡಿತೈತೆ. ಎರೆನಾಗೆ ಆಳುದ್ದ ಅಗೆದ್ರೂ ಎರೆನೇ. ಸೀಳ್ಕೊಂಡು ಹೋಗಿ ಎಲ್ಲಿ ಕಾಲೂರ್ತೀಯ?

ಇನ್ನೊಂದು ಲೆಕ್ಕ ನೋಡು. ಟೈರ್ ಬಗಲಾಗೆ ಸೈಜಿನ ಪಕ್ಕ 105 ಎಸ್ ಅಂತ ಇದ್ರೆ, 105 ಅನ್ನೋದು ಭಾರದ ನಂಬರು. ಒಂದು ಟೈರು 925 ಕೇಜಿ ಹೊರ್ತೈತೆ ಅಂತ. 215/75ರಾಗೆ 100 ಅಂತ ಇರೋದು ಹಾಕಿದ್ರೆ ಒಂದಕ್ಕೆ 800 ಕೇಜಿ. ಹಿಂದಿನ ಎರಡು ಟೈರಿಗೆ ಸೇರಿ 250 ಕೇಜಿ ಹೋಯ್ತು, ಅಂದ್ರೆ ನಿನ್ನ ನೀರಿನ ಟ್ಯಾಂಕು ಅರ್ಧ ಖಾಲಿ ಒಯ್ಯಬೇಕು. ಗಾಡಿನೂ 15 ಮಿಲಿಮೀಟರ್ ನೆಲಕ್ಕೆ ಇಳಿತೈತೆ. ಸೈಜ್ ಬದಲಿಸಬೇಡ. ಎಸ್ ಅಂದ್ರೆ ಗಂಟೆಗೆ 180 ಕಿಲೋಮೀಟರ್ ವೇಗ ತಡಿತೈತೆ ಅಂತ, ಅದು ನಿನಗೆ ಬೇಕಾಗಿಲ್ಲ, ಭಾರದ ನಂಬರೇ ನಿನಗೆ ಮುಖ್ಯ.

ನಿನ್ನ ಹಳೇ ಟೈರಿಂದು ಒಂದು ನೋಡಿ ಹೇಳು. ಬಗಲಾಗೆ ಡಿಒಟಿ ಅಂತ ಇಂಗ್ಲಿಷಿನಾಗೆ ಇದ್ದು, ಆ ಸಾಲಿನ ಕೊನೆಗೆ ಒಂದು ಉದ್ದ ಗುಂಡು ಗೆರೆ ಒಳಗೆ ನಾಲ್ಕು ಅಂಕಿ ಇರ್ತಾವೆ. ಒಂದು ಬಗಲಾಗೆ ಮಾತ್ರ ಇರಬಹುದು, ಒಳಗಡೆ ತಿರುಗಿಸಿ ಹಾಕಿದ್ರೆ ಗಾಡಿ ಕೆಳಗೆ ಬಗ್ಗಿ ನೋಡಬೇಕು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಜೊತೆಗೆ ತಿಂಗಳಿಗೆ ಎಲ್ಲೆಲ್ಲಿ ಎಷ್ಟು ಕಿಲೋಮೀಟರ್ ಓಡ್ತೀಯ, ಅದೂ ಬರಿ. ಆಮೇಲೆ ಮುಂದಿನ ಮಾತು.

ಕುರಿಗಾಡಿ, ಕುಷ್ಟಗಿ:

ಮೇಸ್ತ್ರಿ, ಮೊಬೈಲ್ ಬ್ಯಾಟರಿ ಹಚ್ಚಿಕೊಂಡು ಗಾಡಿ ಬುಡಕ್ಕ ಮಲಗಿ ನೋಡಿದೆ. ಅರಿವಿಲೆ ಒರಸಿದ ಮ್ಯಾಲ ಕಂಡ್ವು: 0719. ಅಂದ್ರ 2019ರ ಏಳನೇ ವಾರ. ನಾ ತೊಗೊಂಡಿದ್ದು 2023ರಾಗ. ನಾಲ್ಕು ವರ್ಷ ಎಲ್ಲೋ ಬಿಸಿಲಾಗ ಬಿದ್ದ ಟೈರನ್ನ ಹೊಸಾದು ಅಂತ ಪೂರಾ ರೊಕ್ಕ ಕೊಟ್ಟು ಹಾಕಸೀನಿ. ಹಿಂಗ ನೋಡಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಹೊಟ್ಟಿ ಉರಿತೈತಿ.

ಒಂದು ತಿಂಗಳದ ಲೆಕ್ಕ ಡೈರ್ಯಾಗ ಬರದೆ. ಒಟ್ಟು 1,900 ಕಿಲೋಮೀಟರ್. ಡಾಂಬರು 1,300. ಮಸಾರಿ ದಾರಿ, ಕಾಲುವಿ ದಂಡಿ ಸೇರಿ 520. ಎರಿ ಹೊಲ ಬರೇ 80. ಬರದು ನೋಡೂತನಾ ನಾನು ಅರ್ಧಾಕರ್ಧ ಎರ್ಯಾಗ ಓಡಾಡ್ತೀನಿ ಅಂತ ತಿಳಕೊಂಡಿದ್ದೆ.

ಟೈರ್ ಮೇಸ್ತ್ರಿ, ಬಳ್ಳಾರಿ:

ಹಂಗಾದ್ರೆ ಎಟಿ, ಅದೇ 235/75 ಆರ್ 15, 105 ಅಥವಾ ಅದಕ್ಕಿಂತ ಮೇಲಿನ ಭಾರದ ನಂಬರು. ನೂರಕ್ಕೆ ಎಪ್ಪತ್ತು ಪಾಲು ಡಾಂಬರಿನ ಮೇಲೆ ಓಡೋ ಗಾಡಿಗೆ ಎಮ್‌ಟಿ ಹಾಕಿದ್ರೆ ಹಲ್ಲು ಬೇಗ ಸವೀತೈತೆ, ಡೀಸೆಲ್ ಜಾಸ್ತಿ ಕುಡಿತೈತೆ, ಕಿವಿ ತೂತಾಗ್ತೈತೆ. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಬಿದ್ದ ಹೆದ್ದಾರಿನಾಗೆ ಬ್ರೇಕ್ ಹೊಡೆದ್ರೆ ಜಾರ್ತೈತೆ. ಹಿಂದೆ ಮರಿ ಇಟ್ಕೊಂಡು ಹೋಗೋನು ನೀನು. ಅಪೊಲೊ, ಸಿಯೆಟ್, ಜೆಕೆ, ಯೊಕೊಹಾಮಾ ಎಲ್ಲರದ್ದೂ ಎಟಿ ಇದಾವೆ. ಕಂಪನಿ ಹೆಸರಿಗಿಂತ ಮೊದಲು ತಾರೀಕು ನೋಡು. ಆರು ತಿಂಗಳ ಒಳಗಿಂದು ಕೊಡಲ್ಲ ಅಂದ್ರೆ ಇನ್ನೊಂದು ಅಂಗಡಿಗೆ ಹೋಗು.

ಮುಳ್ಳಿನ ವಿಷಯ. ಊರೂರಾಗೆ ಬೆಳೆದಿರೋ ಈ ಗಿಡಕ್ಕೆ ನಮ್ಮ ಊರಿನ ಹೆಸರೇ ಇಟ್ಟಾರೆ, ಬಳ್ಳಾರಿ ಜಾಲಿ ಅಂತ. ಹಸಿ ಮುಳ್ಳಿಗಿಂತ ಒಣಗಿದ್ದು ಕೆಟ್ಟದ್ದು, ಮೊಳೆ ಇದ್ದಂಗೆ. ಎಟಿ ಹಲ್ಲು ಹೆಚ್‌ಟಿಗಿಂತ ಎರಡು ಮೂರು ಮಿಲಿಮೀಟರ್ ದಪ್ಪ ಇರ್ತೈತೆ, ಎಷ್ಟೋ ಮುಳ್ಳು ಅಲ್ಲೇ ಮುರೀತಾವೆ. ಟ್ಯೂಬ್‌ಲೆಸ್ ಇದ್ದು ಮುಳ್ಳು ಹೊಕ್ಕಿದ್ದು ಕಂಡ್ರೆ ಅಡವಿನಾಗೆ ಕಿತ್ತುಬಿಡಬೇಡ. ಅದು ತೂತಿಗೆ ಬಿರಡೆ ಹಂಗೆ ಕುಂತಿರ್ತೈತೆ, ಗಾಳಿ ನೋಡ್ಕೊಂತ ನಿಧಾನಕ್ಕೆ ಅಂಗಡಿಗೆ ಬಾ. ಒಳಗಿಂದ ಪ್ಯಾಚ್ ಹಾಕಿಸು, ಮೇಲಿಂದ ದಾರ ತುರುಕಿಸಿದ್ದು ಊರು ಮುಟ್ಟಕ್ಕೆ ಮಾತ್ರ. ಬಗಲಿಗೆ ಚುಚ್ಚಿದ್ರೆ ಪಂಚರ್ ಹಾಕಿ ಅಂತ ಯಾರನ್ನೂ ಕೇಳಬೇಡ. ನಾನು ಹಾಕಲ್ಲ. ಬಗಲು ಪ್ರತಿ ಸುತ್ತಿಗೂ ಬಾಗ್ತೈತೆ, ಅಲ್ಲಿ ಪ್ಯಾಚ್ ನಿಲ್ಲಲ್ಲ.

ಇನ್ನ ಗಾಳಿ. ಟೈರಿಗಿಂತ ಹೆಚ್ಚು ಕೆಲಸ ಗಾಳಿ ಮಾಡ್ತೈತೆ ಅಂದ್ರೆ ನಂಬು. ಡಾಂಬರಿಗೆ ಗಾಡಿ ಬಾಗಿಲ ಚೀಟಿನಾಗೆ ಬರ್ದಷ್ಟು ಇರ್ಲಿ. ಗದ್ದೆ ಬಯಲಾಗೆ, ಹಳ್ಳದ ಉಸುಕಿನಾಗೆ ಇಳಿಯಕ್ಕೆ ಮುಂಚೆ, ಗಾಡಿ ಖಾಲಿ ಇದ್ರೆ 20 ಪಿಎಸ್‌ಐಗೆ ಇಳಿಸು. ಟೈರು ಉದ್ದಕ್ಕೆ ಚಪ್ಪಟೆ ಆಗಿ ಒಂಟೆ ಪಾದದಂಗೆ ನೆಲ ಹಿಡಿತೈತೆ. 15ರ ಕೆಳಗೆ ಹೋಗಬೇಡ, ತಿರುವಿನಾಗೆ ಟೈರು ರಿಮ್ಮು ಬಿಟ್ಟು ಕಳಚ್ತೈತೆ. ನೀರಿನ ಟ್ಯಾಂಕು ತುಂಬಿದ್ರೆ ಇಳಿಸಲೇಬೇಡ. ಡಾಂಬರಿಗೆ ಹತ್ತೋ ಮುಂಚೆ ಮತ್ತೆ ತುಂಬಿಸು, ಇಲ್ಲಾಂದ್ರೆ ಬಗಲು ಕಾದು ಸಿಡಿತೈತೆ. ಬ್ಯಾಟರಿಗೆ ಹಚ್ಚೋ ಸಣ್ಣ ಕಂಪ್ರೆಸರ್ ಒಂದು, ಗಾಳಿ ನೋಡೋ ಗೇಜ್ ಒಂದು ತಗೋ. ಕಾಲಿಲೆ ಒದ್ದು ಗಾಳಿ ನೋಡೋ ರೂಢಿ ಇವತ್ತಿಗೆ ಬಿಡು.

ಫೋರ್ ವೀಲ್ ಗಾಡಿ ಆದ್ದರಿಂದ ನಾಲ್ಕೂ ಒಂದೇ ಸಲ ಬದಲಿಸು, ಒಂದೇ ಮಾದರಿ. ಎರಡು ಹೊಸದು ಎರಡು ಸವೆದದ್ದು ಹಾಕಿ ಫೋರ್ ವೀಲ್ ಗೇರ್ ಹಾಕಿದ್ರೆ ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನ ಚಕ್ರ ಒಂದು ಲೆಕ್ಕ ತಿರುಗಿ ಗೇರ್ ಪೆಟ್ಟಿಗೆಗೆ ಹೊಡೆತ. ಸ್ಟೆಪ್ನಿನೂ ಅದೇ ಸೈಜು ಇರ್ಲಿ.

ಕ್ಯಾಂಪಿನ ಅಕ್ಕ, ಸಿಂಧನೂರು:

ನಾನು ಹಾಲಿನ ಪಿಕಪ್ ಓಡಸ್ತೀನಿ, ದಿನಾ ಮುಂಜಾನೆ ನಾಲ್ಕು ಗಂಟೆಗೆ ಕಾಲುವೆ ದಂಡೆ ಮೇಲೆ. ತಮ್ಮಾ, ಗದ್ದೆ ಬಯಲಿಗೆ ಬರಬೇಕಾದ್ರ ಒಂದು ನೆನಪಿಡು. ಟ್ರ್ಯಾಕ್ಟರಿಗೆ ಕೇಜ್ ವೀಲ್ (ಕಬ್ಬಿಣದ ಪಟ್ಟಿ ಚಕ್ರ) ಹಾಕ್ಕೊಂಡು ಓಡಾಡಿದ ದಾರಿಯಾಗ ಜಾಡು ಮೊಣಕಾಲು ಮಟ ಇರ್ತದ. ಅದರಾಗ ಇಳಿದ್ರ ಚಕ್ರ ತಿರುಗ್ತದ, ಗಾಡಿ ಹೊಟ್ಟಿ ನೆಲಕ್ಕ ಕುಂತಿರ್ತದ. ಯಾವ ಟೈರೂ ಮುಟ್ಟಂಗಿಲ್ಲ. ಜಾಡು ಬಿಟ್ಟು, ಒಂದು ಬಾಜು ಚಕ್ರ ನಡುವಿನ ದಿಬ್ಬದ ಮೇಲೆ, ಇನ್ನೊಂದು ಬಾಜು ಚಕ್ರ ದಂಡೆ ಮೇಲೆ ಹಿಡಿದು ಓಡ್ಸು.

ನನ್ನ ಗಾಡಿಯಾಗ ಯಾವಾಗ್ಲೂ ಎರಡು ದಪ್ಪ ಹಲಗಿ, ನಾಲ್ಕು ಗೋಣಿಚೀಲ ಇರ್ತಾವ. ಕೂತ ಕೂಡ್ಲೆ ಎಕ್ಸಿಲೇಟರ್ ಒತ್ತಬಾರದು, ಒತ್ತಿದಷ್ಟು ತೋಡ್ತದ. ಇಳಿದು, ಚಕ್ರದ ಮುಂದ ಕೆಸರು ಕೆರದು, ಗೋಣಿಚೀಲ ಹಾಸಿ, ಅದರ ಮೇಲೆ ಹಲಗಿ ಇಟ್ಟು, ಎರಡನೇ ಗೇರಿನ್ಯಾಗ ಮೆಲ್ಲಕ ಬಿಟ್ರ ಬರ್ತದ. ಭತ್ತದ ಹುಲ್ಲು ಹಾಕಬ್ಯಾಡ, ನೀರು ಹತ್ತಿದ್ರ ಅದೂ ಜಾರ್ತದ. ಜಾಕ್ ಕೆಸರಿನ್ಯಾಗ ಇಳೀತದ ಅಂತ ಅದರ ಕೆಳಗ ಇಡಾಕ ಒಂದು ಸಣ್ಣ ಹಲಗಿ ಬ್ಯಾರೆ ಇಟ್ಟೀನಿ. ಒಬ್ಬಾಕಿನೇ ಎಷ್ಟೋ ಸಲ ತೆಗೆದೀನಿ.

ಲಿಂಗಸೂಗೂರು ಹುಡುಗ:

ಮೇಷ್ಟ್ರೇ, ದೋಸ್ತರಿಗೆ ನಿಮ್ಮ ಮಾತು ಓದಿ ಹೇಳೀನಿ. ಜೀಪು ಜಪ್ತಿ ಆಗ್ತದ ಅನ್ನೋದು ಗೊತ್ತಿರಲಿಲ್ಲ ಅಂದ್ರು. ನಾನಂತೂ ಇನ್ನ ಅವರ ಜೋಡಿ ರಾತ್ರಿ ಹೋಗಂಗಿಲ್ಲ.

ಗಂಗಾವತಿ ಮೇಷ್ಟ್ರು:

ಸಂತೋಷ ತಮ್ಮ. ಹಗಲು ಬಾ, ದರೋಜಿಯ ವೀಕ್ಷಣಾ ಗೋಪುರದ ಮೇಲೆ ಕೂರೋಣ. ಇಳಿಹೊತ್ತಿಗೆ ಕರಡಿಗಳು ಬಂಡೆಗಳ ಸಂದಿನಿಂದ ಇಳಿದು ಬರುವುದನ್ನು ತೋರಿಸುತ್ತೇನೆ. ಅಲ್ಲಿಗೆ ಹೋಗಲು ನಿನ್ನ ಮನೆಯ ಬೈಕ್ ಸಾಕು.

ಕುರಿಗಾಡಿ, ಕುಷ್ಟಗಿ:

ಬಾಳ ದಿನಕ್ಕ ಬರಿಯಾಕತ್ತೀನಿ. ಎಲ್ಲಾರಿಗೂ ಲೆಕ್ಕ ಒಪ್ಪಿಸಬೇಕಿತ್ತು.

ಎಟಿ ಹಾಕಿಸಿದೆ, ಅದ ಸೈಜು. ಎರಡು ಅಂಗಡ್ಯಾಗ ಹಳೇ ತಾರೀಕಿನ ಮಾಲು ತೋರಿಸಿದ್ರು, ಎದ್ದು ಬಂದೆ. ಮೂರನೇ ಅಂಗಡ್ಯಾಗ ಮೂರು ತಿಂಗಳ ಒಳಗಿನ ನಾಲ್ಕೂ ಒಂದ ತಾರೀಕಿನವು ಸಿಕ್ವು. ಹಳೇವು ಕೊಟ್ಟು 34,800 ಆತು. ಉಳಿದ ರೊಕ್ಕಕ್ಕ ಮತ್ತಷ್ಟು ಸೇರಿಸಿ ಗೇಜು, ಕಂಪ್ರೆಸರ್ ತೊಗೊಂಡೆ. ಹಲಗಿ ಮನ್ಯಾಗಿನ ಹಳೇ ಬಾಗಿಲದ್ದು. ಅಕ್ಕಾ, ಕಾರಟಗ್ಯಾಗ ಎರಡು ಸಲ ಗಾಡಿ ಕುಂತಿತ್ತು, ಎರಡೂ ಸಲ ನೀವು ಹೇಳಿದಂಗ ಗೋಣಿಚೀಲ ಹಾಸಿ ನಾನ ತಗದೀನಿ, ಟ್ರ್ಯಾಕ್ಟರ್ ಕರಿಲಿಲ್ಲ.

ಪಂಚರ್ ಐದು ತಿಂಗಳಾಗ ಎರಡು. ಒಂದು ಜಾಲಿಮುಳ್ಳು, ಒಂದು ಮುರಿದ ಕುರುಪಿ ತುದಿ.

ಕಾರಹುಣ್ಣಿವಿ ಮುಂದ ಕರುಳಬ್ಯಾನಿ ಲಸಿಕಿ ಹಾಕಸೋದಿತ್ತು. ಕುರಿ ಸಿಂಧನೂರಿಂದ ತಿರಿಗಿ ಬರೋ ದಾರ್ಯಾಗ ಎರಿ ಹೊಲದಾಗ ಇಳದಿದ್ವು. ರಾತ್ರಿ ಅಡ್ಡಮಳಿ ಹೊಡದಿತ್ತು. ಮುಂಜಾನೆ ಡಾಕ್ಟರನ್ನ ಕರ್ಕೊಂಡು ಹೋದ್ರ ಮತ್ತ ಅದ ನೆಲ, ಮ್ಯಾಲ ಒಣಗಿದಂಗ ಕಾಣ್ತಿತ್ತು. ಇಳಿದು ಹೆಬ್ಬೆರಳು ಒತ್ತಿ ನೋಡಿದೆ, ಗೆಣ್ಣು ಮಟ ಹೋತು. ಗಾಡಿ ಇಳಿಸಲಿಲ್ಲ. ಗರಸಿನ ದಾರಿ ಮ್ಯಾಲ ನಿಲ್ಲಿಸಿ ಅಪ್ಪಗ ಫೋನ್ ಹಚ್ಚಿ, ಹಟ್ಟಿನ ಈ ಕಡೆ ಹೊಡಕೊಂಡು ಬಾ ಅಂದೆ. ಕುರಿ ಕಾಲಿಗೆ ಎರಿ ಹತ್ತಿದ್ರೂ ಅವು ನಡಕೊಂಡು ಬರ್ತಾವು. ಗಾಡಿ ಒಂದು ಕಡೆ, ಹಗ್ಗದ ಬಲಿ ಒಂದು ಕಡೆ ಕಟ್ಟಿ ದೊಡ್ಡಿ ಮಾಡಿದ್ವಿ. ಪೆಟ್ಟಿಗ್ಯಾಗ ಐಸ್ ಕರಗಿರಲಿಲ್ಲ. ಹನ್ನೊಂದೂವರಿಗೆ 340 ಕುರಿಗೆ ಲಸಿಕಿ ಮುಗೀತು. ಅಪ್ಪ ಟೈರಿನ ಹಲ್ಲಿನ್ಯಾಗ ಸಿಕ್ಕಿದ್ದ ಕಲ್ಲು ಬಡಿಗಿ ತುದಿಲೆ ಕಿತ್ತು, "ಇವು ಎಷ್ಟು ದಿನ ಬಾಳತಾವು" ಅಂದ.

ಮೇಸ್ತ್ರಿ, ಅದನ್ನ ನಿಮಗ ಕೇಳಬೇಕಾಗೈತಿ. 9,000 ಕಿಲೋಮೀಟರ್ ಆಗೈತಿ, ಮುಂದಿನವು ಹಿಂದ, ಹಿಂದಿನವು ಮುಂದ ಈಗ ಹಾಕಸ್ಲೇನು?

ಟೈರ್ ಮೇಸ್ತ್ರಿ, ಬಳ್ಳಾರಿ:

ಹೌದು, ಈಗಲೇ ಹಾಕಿಸು, ಅಲೈನ್‌ಮೆಂಟೂ ನೋಡಿಸು. ಹಲ್ಲಿನ ಸಂದಿನಾಗೆ ಅಡ್ಡಕ್ಕೆ ಸಣ್ಣ ದಿಂಡು ಇರ್ತಾವೆ, 1.6 ಮಿಲಿಮೀಟರ್ ಎತ್ತರ. ಹಲ್ಲು ಸವೆದು ಅದರ ಸಮ ಬಂದ ದಿನ ಟೈರ್ ಮುಗೀತು ಅಂತ ಲೆಕ್ಕ. ನಿನ್ನ ಕೆಲಸಕ್ಕೆ ಅಷ್ಟು ದೂರ ಕಾಯಬೇಡ, 3 ಮಿಲಿಮೀಟರಿಗೇ ಬದಲಿಸು. ಬಳ್ಳಾರಿ ಕಡೆ ಬಂದ್ರೆ ಅಂಗಡಿಗೆ ಬಾ, ಕುರುಪಿ ತುದಿ ಹೊಕ್ಕ ತೂತು ಒಳಗಿಂದ ಒಂದು ಸಲ ನೋಡ್ತೀನಿ.